ಸಮುದ್ರದೊಳಗೆ ಧುಮುಕುವ ಜಲಪಾತ ನಿಜವೇ? ಮಾರಿಷಸ್‌ನಲ್ಲಿ ಕಾರ್ ಟೂರ್ ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಈ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಹೆಲಿಕಾಪ್ಟರ್‌ನಿಂದ ತೆಗೆದದ್ದು. ಕೆಳಗೆ ಹಸಿರು ಮಿಶ್ರಿತ ನೀಲಿ ಸಮುದ್ರ, ಪಕ್ಕದಲ್ಲಿ ಗೋಡೆಯಂತೆ ಎದ್ದು ನಿಂತ ಒಂದು ಬೆಟ್ಟ. ಅದರ ಮುಂದೆ, ಸಮುದ್ರದ ನಡುವೆಯೇ, ನೀರು ಒಂದು ದೊಡ್ಡ ಪ್ರಪಾತಕ್ಕೆ ಧುಮುಕುತ್ತಿರುವ ಹಾಗೆ ಕಾಣುತ್ತದೆ. ಜೊತೆಗೆ ಬರುವ ಬರಹದ ಸಾರಾಂಶ ಹೀಗಿರುತ್ತದೆ: ಇದು ಪ್ರಪಂಚದಲ್ಲಿರುವ ಒಂದೇ ಒಂದು ಸಮುದ್ರದೊಳಗಿನ ಜಲಪಾತ, ಹತ್ತಿರ ಹೋದ ಹಡಗು ಒಳಗೆ ಎಳೆದುಕೊಂಡು ಹೋಗುತ್ತದೆ, ವಿಜ್ಞಾನಿಗಳಿಗೂ ಇದರ ರಹಸ್ಯ ಗೊತ್ತಿಲ್ಲ.

ಜಾಗ ನಿಜ. ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದ ನೈರುತ್ಯ ತುದಿ, ಲೆ ಮಾರ್ನ್ ಎಂಬ ಬೆಟ್ಟದ ಬುಡ. ವಿಡಿಯೋ ಕೂಡ ಬಹಳ ಸಲ ನಿಜವಾದದ್ದೇ. ಜಲಪಾತ ಮಾತ್ರ ಇಲ್ಲ.

ಯಾವುದೋ ಫಾರ್ವರ್ಡ್ ಸುಳ್ಳಾದರೆ ನಮಗೇನು ಎನ್ನಬೇಡಿ. ಇಲ್ಲಿಂದ ಮಾರಿಷಸ್‌ಗೆ ಹನಿಮೂನಿಗೆ, ಮದುವೆಯ ಇಪ್ಪತ್ತೈದನೇ ವರ್ಷಕ್ಕೆ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಸಾಕಷ್ಟು ಜನ ಇದ್ದಾರೆ. ಹೋದವರಲ್ಲಿ ಬಹುತೇಕರು ಒಂದು ದಿನಕ್ಕೆ ಕಾರು ಮತ್ತು ಗೈಡ್ ಗೊತ್ತುಮಾಡಿಕೊಂಡು ದ್ವೀಪದ ದಕ್ಷಿಣ ಭಾಗವನ್ನು ಸುತ್ತುತ್ತಾರೆ. ಆ ದಿನ 'ಅಂಡರ್‌ವಾಟರ್ ವಾಟರ್‌ಫಾಲ್' ನೋಡಿಯೇ ನೋಡುತ್ತೇವೆ ಎಂದುಕೊಂಡು ಬೀಚ್‌ನಲ್ಲಿ ನಿಂತರೆ ಕಾಣುವುದು ಮಟ್ಟಸವಾದ ನೀಲಿ ನೀರು ಮಾತ್ರ. ಇನ್ನು, ಅದೇ ನೀರಿನಲ್ಲಿ ನಿಜವಾದ ಒಂದು ಅಪಾಯವೂ ಇದೆ. ಅದರ ಬಗ್ಗೆ ಫಾರ್ವರ್ಡ್‌ನಲ್ಲಿ ಒಂದಕ್ಷರ ಇರುವುದಿಲ್ಲ.

ಹಾಗಾದರೆ ಕಾಣುತ್ತಿರುವುದು ಏನು?

ಮಾರಿಷಸ್ ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪ. ಸುಮಾರು 80 ಲಕ್ಷ ವರ್ಷಗಳ ಹಿಂದೆ ಸಮುದ್ರದ ಮೇಲೆ ತಲೆ ಎತ್ತಿತು. ಅದರ ಸುತ್ತ ಹೆಚ್ಚುಕಡಿಮೆ ಪೂರ್ತಿ, ಕೋಟೆಯ ಗೋಡೆಯಂತೆ ಹವಳದ ದಿಬ್ಬಗಳಿವೆ. ಈ ಗೋಡೆಗೂ ದಡಕ್ಕೂ ನಡುವೆ ಇರುವುದು ಆಳವಿಲ್ಲದ, ಕೊಳದಂತೆ ಶಾಂತವಾದ ನೀರು. ಇದನ್ನು ಲಗೂನ್ ಎನ್ನುತ್ತಾರೆ. ಲಗೂನಿನ ತಳದಲ್ಲಿ ಹವಳ ಮತ್ತು ಚಿಪ್ಪುಗಳು ಒಡೆದು ಪುಡಿಯಾದ ಬೆಳ್ಳನೆಯ ಮರಳಿದೆ. ಹವಳದ ಗೋಡೆಯಲ್ಲಿ ಅಲ್ಲಲ್ಲಿ ಬಾಗಿಲಿನಂಥ ಸಂದುಗಳಿವೆ. ಲೆ ಮಾರ್ನ್ ಮುಂದೆ ಇರುವುದು ಅಂಥದ್ದೇ ಒಂದು ಸಂದು. ಅದರಾಚೆ ಸಮುದ್ರದ ತಳ ಇಳಿಯುತ್ತಾ ಹೋಗುತ್ತದೆ.

ಈಗ ಬಣ್ಣದ ವಿಷಯಕ್ಕೆ ಬರೋಣ. ನೀರು ಬಿಸಿಲಿನಲ್ಲಿರುವ ಕೆಂಪು ಬಣ್ಣವನ್ನು ಮೊದಲ ಕೆಲವು ಮೀಟರ್‌ಗಳಲ್ಲೇ ನುಂಗಿಬಿಡುತ್ತದೆ. ಹೆಚ್ಚು ದೂರ ಉಳಿಯುವುದು ನೀಲಿ. ಒಂದೆರಡು ಮೀಟರ್ ಆಳದಲ್ಲಿ ಬಿಳಿ ಮರಳಿದ್ದರೆ ಬೆಳಕು ತಳಕ್ಕೆ ಬಡಿದು ವಾಪಸ್ ಬರುತ್ತದೆ, ನೀರು ತಿಳಿ ಹಸಿರಾಗಿ ಕಾಣುತ್ತದೆ. ಆಳ ಹೆಚ್ಚಿದಂತೆ ವಾಪಸ್ ಬರುವ ಬೆಳಕು ಕಡಿಮೆ. ಬಣ್ಣ ನೀಲಿಗೆ, ಕಡುನೀಲಿಗೆ ತಿರುಗುತ್ತದೆ. ಇದರ ಜೊತೆಗೆ ಅಲೆ ಮತ್ತು ಸೆಳೆತ ತಳದ ಮರಳನ್ನು, ಹೂಳನ್ನು ಸಂದಿನ ಕಡೆಗೆ ಎಳೆದು ಪಟ್ಟೆ ಪಟ್ಟೆಯಾಗಿ ಹರಡಿವೆ. ನಡುನಡುವೆ ಪಾಚಿ, ಹವಳದ ಕಪ್ಪು ಕಲೆಗಳು. ಬೆಳ್ಳಗಿನ ಗೆರೆಗಳೆಲ್ಲ ಒಂದೇ ಕಡೆಗೆ ಬಾಗಿ, ಹೋಗುತ್ತಾ ಹೋಗುತ್ತಾ ಕತ್ತಲಾಗುತ್ತವೆ. ಜೋಗದ ಚಿತ್ರ ನೋಡಿ ಬೆಳೆದ ಕಣ್ಣು ಇದನ್ನು ಇನ್ನೇನೆಂದು ಓದೀತು? ಬಣ್ಣ ಬದಲಾದದ್ದನ್ನು ಮಿದುಳು ನೀರು ಬಿದ್ದದ್ದು ಎಂದು ತಿಳಿಯುತ್ತದೆ.

ಕೆಲವು ವೆಬ್‌ಸೈಟ್‌ಗಳು ಇದನ್ನೇ ಸ್ವಲ್ಪ ಜಾಣತನದಿಂದ ತಿದ್ದಿ, "ಬೀಳುವುದು ನೀರಲ್ಲ, ಮರಳು, ಅದು ಸಾವಿರಾರು ಮೀಟರ್ ಕೆಳಗೆ ಬೀಳುವುದನ್ನು ನೀವು ನೋಡುತ್ತಿದ್ದೀರಿ" ಎನ್ನುತ್ತವೆ. ಅರ್ಧ ಸರಿ. ದ್ವೀಪದಿಂದ ದೂರ ಹೋದಂತೆ ಸಾಗರ ಸಾವಿರಾರು ಮೀಟರ್ ಆಳವಾಗುತ್ತದೆ, ಮರಳೂ ನಿಧಾನವಾಗಿ ಆ ಕಡೆಗೆ ಜಾರುತ್ತದೆ. ಆದರೆ ಎಷ್ಟೇ ತಿಳಿನೀರಾದರೂ ಮೇಲಿನಿಂದ ನಮ್ಮ ಕಣ್ಣಿಗೆ ತಳ ಕಾಣುವುದು ಕೆಲವು ಹತ್ತು ಮೀಟರ್‌ಗಳಷ್ಟು ಮಾತ್ರ. ಅದರಾಚೆ ನೂರು ಮೀಟರ್ ಇದ್ದರೂ ಒಂದೇ ಕಡುನೀಲಿ, ನಾಲ್ಕು ಸಾವಿರ ಇದ್ದರೂ ಅದೇ ಕಡುನೀಲಿ. ಚಿತ್ರದಲ್ಲಿ 'ಪ್ರಪಾತ' ಎಂದು ಕಾಣುವುದೆಲ್ಲ ಆ ಮೊದಲ ಕೆಲವು ಹತ್ತು ಮೀಟರ್‌ಗಳ ಆಟ.

ನೀವೇ ಪರೀಕ್ಷಿಸಿ ನೋಡಿ

ಇದಕ್ಕೆ ಮಾರಿಷಸ್‌ಗೆ ಹೋಗಬೇಕಾಗಿಲ್ಲ. ಫೋನಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು, ಲೆ ಮಾರ್ನ್ ಮಾರಿಷಸ್ ಎಂದು ಹುಡುಕಿ, ಸ್ಯಾಟಲೈಟ್ ನೋಟಕ್ಕೆ ಬದಲಾಯಿಸಿ. ಬೆಟ್ಟದ ಮುಂದಿನ ಸಮುದ್ರವನ್ನು ಹಿಗ್ಗಿಸಿ. ಅದೇ ಜಲಪಾತ, ಪುಕ್ಕಟೆ! ಈಗ ಫೋನನ್ನು ತಲೆಕೆಳಗಾಗಿ ಹಿಡಿಯಿರಿ. ನಿಜವಾದ ಜಲಪಾತದ ಚಿತ್ರವನ್ನು ತಿರುಗಿಸಿದರೆ ನೀರು ಮೇಲಕ್ಕೆ ಹಾರುತ್ತಿರುವ ಹಾಗೆ ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ಹಾಗಾಗುವುದಿಲ್ಲ, ಬರೀ ತಿಳಿ ಬಣ್ಣ ಮತ್ತು ಗಾಢ ಬಣ್ಣ ಉಳಿಯುತ್ತದೆ.

ವಿಡಿಯೋದಲ್ಲೇ ಇನ್ನೊಂದು ಸುಳಿವು ಸಿಗುತ್ತದೆ. 'ಧುಮುಕುವ' ಜಾಗವನ್ನು ಹಿಗ್ಗಿಸಿ ನೋಡಿದರೆ ಸಣ್ಣ ಸಣ್ಣ ಅಲೆಗಳು ಈ ಕಡೆಯಿಂದ ಆ ಕಡೆಗೆ ಏನೂ ಆಗದವರಂತೆ ಸಾಗಿರುವುದು ಕಾಣುತ್ತದೆ. ನೀರಿನ ಮೇಲ್ಮೈ ಚಪ್ಪಟೆಯಾಗಿಯೇ ಇದೆ. ಇನ್ನು ವಿಡಿಯೋದಲ್ಲಿ ಚಲಿಸುತ್ತಿರುವುದು ಹೆಲಿಕಾಪ್ಟರ್. ನೀರು ಹರಿಯುತ್ತಿದೆ ಎಂದು ಅನಿಸುವುದಕ್ಕೆ ಅದೂ ಒಂದು ಕಾರಣ. ಬಣ್ಣ ಹೆಚ್ಚಿಸುವ ಫಿಲ್ಟರ್ ಮತ್ತು ಗಂಭೀರ ಸಂಗೀತ ಉಳಿದದ್ದನ್ನು ಮಾಡಿ ಮುಗಿಸುತ್ತವೆ.

ನೀರೊಳಗೆ ನೀರು ಬೀಳುವುದಕ್ಕೆ ಸಾಧ್ಯವೇ ಇಲ್ಲವೇ?

ಇದೆ! ಬೆಲ್ಲದ ಪಾಕವನ್ನು ನಿಧಾನವಾಗಿ ನೀರಿನ ಲೋಟಕ್ಕೆ ಬಿಟ್ಟು ನೋಡಿ. ಅದು ಸೀದಾ ತಳಕ್ಕೆ ಇಳಿಯುತ್ತದೆ, ಯಾಕೆಂದರೆ ನೀರಿಗಿಂತ ಭಾರ. ಹಾಗೆಯೇ ತಣ್ಣನೆಯ ಸಮುದ್ರದ ನೀರು ಬೆಚ್ಚನೆಯ ನೀರಿಗಿಂತ ಸಾಂದ್ರ. ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್ ನಡುವಿನ ಡೆನ್ಮಾರ್ಕ್ ಜಲಸಂಧಿಯಲ್ಲಿ ಉತ್ತರದಿಂದ ಬರುವ ಕೊರೆಯುವ ನೀರು, ದಕ್ಷಿಣದ ಬೆಚ್ಚನೆಯ ನೀರಿನ ಅಡಿಗೆ ನುಗ್ಗಿ, ಸಮುದ್ರದ ತಳದ ಇಳಿಜಾರಿನಲ್ಲಿ ಸುಮಾರು 3,500 ಮೀಟರ್ ಕೆಳಗಿಳಿಯುತ್ತದೆ. ನಮ್ಮ ಜೋಗದ ಎತ್ತರ 253 ಮೀಟರ್. ಅಲ್ಲಿ ಪ್ರತಿ ಸೆಕೆಂಡಿಗೆ ಇಳಿಯುವ ನೀರು 30 ಲಕ್ಷ ಘನ ಮೀಟರ್‌ಗೂ ಹೆಚ್ಚು. ಭೂಮಿಯ ಮೇಲಿನ ಅತಿ ದೊಡ್ಡ ಜಲಪಾತ ಎಂದು ವಿಜ್ಞಾನಿಗಳು ಕರೆಯುವುದು ಇದನ್ನೇ.

ತಮಾಷೆ ಏನೆಂದರೆ, ಇದರ ಮೇಲೆ ಹಡಗಿನಲ್ಲಿ ಹೋದರೂ ಗೊತ್ತಾಗುವುದಿಲ್ಲ, ಹೆಲಿಕಾಪ್ಟರ್‌ನಿಂದ ನೋಡಿದರೂ ಕಾಣುವುದಿಲ್ಲ. ನಿಜವಾದದ್ದು ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳುವುದು ನಿಜವಲ್ಲ. ಹಾಗಾಗಿ ಡೆನ್ಮಾರ್ಕ್ ಜಲಸಂಧಿಯ ವಿಡಿಯೋ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಹಡಗು ನುಂಗುವ ಕಥೆ

ಲೆ ಮಾರ್ನ್ ಸುತ್ತಮುತ್ತ ದಿನವೂ ಜನ ಗಾಳಿಪಟಕ್ಕೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ಜಾರುತ್ತಾರೆ. ಕೈಟ್‌ಸರ್ಫಿಂಗ್‌ಗೆ ಪ್ರಪಂಚದಲ್ಲೇ ಹೆಸರಾದ ಜಾಗ ಅದು. ಡಾಲ್ಫಿನ್ ತೋರಿಸುವ ದೋಣಿಗಳೂ ಆ ಕರಾವಳಿಯಲ್ಲಿ ಓಡಾಡುತ್ತವೆ. ಯಾವುದನ್ನೂ ಪ್ರಪಾತ ನುಂಗಿಲ್ಲ.

ಮಾರಿಷಸ್‌ನಲ್ಲಿ ಹಡಗಿಗೆ ನಿಜವಾಗಿ ಕೇಡಾದದ್ದು ಆಳದಿಂದಲ್ಲ, ಆಳ ಇಲ್ಲದ್ದರಿಂದ. 2020ರ ಜುಲೈ 25ರಂದು ವಕಾಶಿಯೊ ಎಂಬ ದೊಡ್ಡ ಸರಕು ಹಡಗು ದ್ವೀಪದ ಆಗ್ನೇಯ ಕರಾವಳಿಯ ಹವಳದ ದಿಬ್ಬಕ್ಕೆ ಬಡಿದು ಸಿಕ್ಕಿಹಾಕಿಕೊಂಡಿತು. ಕೆಲವು ದಿನಗಳ ನಂತರ ಅದರಿಂದ ಸುಮಾರು 1,000 ಟನ್ ತೈಲ ಸೋರಿ ಲಗೂನ್ ಕಪ್ಪಾಯಿತು. ಸ್ಥಳೀಯರು ಕಬ್ಬಿನ ಸೋಗೆ, ತಮ್ಮ ತಲೆಕೂದಲು ತುಂಬಿಸಿದ ಉದ್ದನೆಯ ಚೀಲಗಳನ್ನು ಹೊಲಿದು ನೀರಿಗೆ ಬಿಟ್ಟು ತೈಲ ತಡೆಯಲು ನೋಡಿದರು.

ಈಜುವವರು ಗಮನಿಸಬೇಕಾದ ಅಪಾಯ ಬೇರೆ. ಅಲೆಗಳು ಹವಳದ ಗೋಡೆಯ ಮೇಲಿನಿಂದ ನೀರನ್ನು ಸದಾ ಲಗೂನಿನೊಳಗೆ ತುಂಬುತ್ತಿರುತ್ತವೆ. ಆ ನೀರು ವಾಪಸ್ ಹೋಗಬೇಕಲ್ಲ? ಹೋಗುವುದು ಇದೇ ಸಂದುಗಳ ಮೂಲಕ. ಕೆರೆ ತುಂಬಿದಾಗ ಕೋಡಿಯ ಹತ್ತಿರ ಸೆಳೆತ ಹೆಚ್ಚಿರುವ ಹಾಗೆ ಇಲ್ಲಿಯೂ ಹೊರಮುಖವಾದ ಸೆಳೆತ ಇರುತ್ತದೆ. ದಡದ ಹತ್ತಿರ ಎಷ್ಟೇ ಶಾಂತವಾಗಿ ಕಂಡರೂ ಸಂದಿನ ಕಡೆಗೆ ಈಜುತ್ತಾ ಹೋದರೆ ಅದು ನಿಮ್ಮನ್ನು ಹೊರಸಮುದ್ರಕ್ಕೆ ಎಳೆಯಬಹುದು. ಸಿಕ್ಕಿಹಾಕಿಕೊಂಡರೆ ದಡದ ಕಡೆಗೆ ನೇರವಾಗಿ ಈಜಿ ಸುಸ್ತಾಗಬೇಡಿ. ತೇಲುತ್ತಾ ಕೈ ಎತ್ತಿ ಸಹಾಯ ಕೇಳಿ, ಸೆಳೆತಕ್ಕೆ ಅಡ್ಡವಾಗಿ ಪಕ್ಕಕ್ಕೆ ಸರಿದು ಆಮೇಲೆ ದಡ ಸೇರಿ. "ಜಲಪಾತವನ್ನು ಹತ್ತಿರದಿಂದ ನೋಡಿ ಬರೋಣ" ಎಂದು ನೀರಿಗಿಳಿಯುವ ಹುಡುಗರಿಗೆ ಹೇಳಬೇಕಾದ ಮಾತು ಇದು.

ಕಾರಿನಲ್ಲಿ ಹೋದರೆ ಏನು ಕಾಣುತ್ತದೆ?

ಮುಖ್ಯ ದ್ವೀಪ ಸುಮಾರು 65 ಕಿಲೋಮೀಟರ್ ಉದ್ದ, 45 ಕಿಲೋಮೀಟರ್ ಅಗಲ. ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ತುಸು ಚಿಕ್ಕದು. ಹಾಗಾಗಿ ದಕ್ಷಿಣ ಭಾಗವನ್ನು ಒಂದು ದಿನದಲ್ಲಿ ನೋಡುವುದು ಆಗದ ಮಾತಲ್ಲ. ಸಾಮಾನ್ಯವಾಗಿ ಕ್ಯೂರ್‌ಪೀಪ್ ಊರಿನ ಜ್ವಾಲಾಮುಖಿ ಬಾಯಿ, ಗಂಗಾ ತಲಾವ್, ಬ್ಲ್ಯಾಕ್ ರಿವರ್ ಕಣಿವೆಯ ನೋಟ, ಶಮರೆಲ್, ಕೊನೆಗೆ ಲೆ ಮಾರ್ನ್ ಬೀಚ್, ಹೀಗೆ ಸಾಗುತ್ತದೆ. ಇವುಗಳಲ್ಲಿ ಎರಡು ಜಾಗಗಳಿಗೂ ಫಾರ್ವರ್ಡ್ ಕಥೆಗಳು ಅಂಟಿಕೊಂಡಿವೆ.

ಗಂಗಾ ತಲಾವ್‌ನಿಂದ ಶುರುಮಾಡೋಣ. ಭಾರತದ ಗಂಗೆ ಭೂಮಿಯೊಳಗಿನಿಂದ ಹರಿದು ಬಂದು ಇಲ್ಲಿ ಮೇಲೇಳುತ್ತಾಳೆ ಎಂಬ ಮಾತಿದೆ. ಭಕ್ತಿಯ ಕಥೆಯಾಗಿ ಕೇಳುವುದಕ್ಕೆ ನಮ್ಮ ತಕರಾರಿಲ್ಲ. ಭೂಗೋಳವಾಗಿ ಹೇಳಿದರೆ ಒಪ್ಪಲಾಗದು. ದಕ್ಷಿಣ ಭಾರತದಿಂದಲೇ ಅದು ನಾಲ್ಕು ಸಾವಿರ ಕಿಲೋಮೀಟರ್ ದೂರ, ನಡುವೆ ಮಹಾಸಾಗರದ ಹೊಂಡ. ತಲಾವ್ ಇರುವುದು ಸಮುದ್ರ ಮಟ್ಟದಿಂದ ಸುಮಾರು 550 ಮೀಟರ್ ಎತ್ತರದ ಹಳೆಯ ಜ್ವಾಲಾಮುಖಿ ಬಾಯಿಯಲ್ಲಿ. ತುಂಬಿರುವುದು ಮಳೆ ನೀರು. ಆದರೆ ಗಂಗೆ ಅಲ್ಲಿಗೆ ಬಂದದ್ದು ನಿಜ, ಬಿಂದಿಗೆಯಲ್ಲಿ! 1972ರಲ್ಲಿ ಗೋಮುಖದಿಂದ ನೀರು ತಂದು ಈ ಕೊಳಕ್ಕೆ ಸೇರಿಸಿದರು. ಗಂಗಾ ತಲಾವ್ ಎಂಬ ಹೆಸರು ಗಟ್ಟಿಯಾದದ್ದು ಹಾಗೆ. ಅದಕ್ಕೂ ಮುಂಚೆ, 19ನೇ ಶತಮಾನದ ಕೊನೆಯಿಂದಲೇ ಅಲ್ಲಿಗೆ ಶಿವರಾತ್ರಿಗೆ ಕಾಲ್ನಡಿಗೆ ಯಾತ್ರೆ ನಡೆಯುತ್ತಿತ್ತು. ಕಬ್ಬಿನ ಗದ್ದೆಗೆ ಕೂಲಿಗಳಾಗಿ ಬಂದ ಭಾರತೀಯರ ಮಕ್ಕಳು ಮೊಮ್ಮಕ್ಕಳು ಕಟ್ಟಿಕೊಂಡ ಯಾತ್ರೆ ಅದು. ನಮಗಂತೂ ನೆಲದಡಿಯ ಗಂಗೆಗಿಂತ ಇದೇ ದೊಡ್ಡ ಸಂಗತಿ ಅನಿಸುತ್ತದೆ.

ಅಲ್ಲಿನ ಶಿವನ ಪ್ರತಿಮೆ "ಪ್ರಪಂಚದಲ್ಲೇ ಅತಿ ಎತ್ತರ" ಎಂಬುದೂ ಸರಿಯಲ್ಲ. ಅದು 108 ಅಡಿ. ನಮ್ಮ ಮುರುಡೇಶ್ವರದ್ದೇ 123 ಅಡಿ, ರಾಜಸ್ಥಾನದ ನಾಥದ್ವಾರದ್ದು ಎರಡಕ್ಕಿಂತಲೂ ಎತ್ತರ.

ಇನ್ನು ಶಮರೆಲ್‌ನ ಏಳು ಬಣ್ಣದ ಮಣ್ಣು. ಇದು ಕಣ್ಣಿನ ಭ್ರಮೆಯಲ್ಲ, ನಿಜವಾದ ಬಣ್ಣ. ಕರಾವಳಿ, ಮಲೆನಾಡಿನವರಿಗೆ ಇದರ ಹಿಂದಿನ ಕೆಲಸ ಚೆನ್ನಾಗಿ ಗೊತ್ತಿರುವಂಥದ್ದೇ. ಬಿಸಿಲು ಮತ್ತು ಜಡಿಮಳೆ ಲಕ್ಷಾಂತರ ವರ್ಷ ಕಲ್ಲನ್ನು ಕೊಳೆಸಿದರೆ, ಕರಗುವ ಅಂಶಗಳೆಲ್ಲ ತೊಳೆದುಹೋಗಿ ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಮ್ ಆಕ್ಸೈಡ್‌ಗಳು ಉಳಿಯುತ್ತವೆ. ನಮ್ಮ ಕಡೆ ಮನೆ ಕಟ್ಟುವ ಕೆಂಪು ಮುರಕಲ್ಲು ಆದದ್ದು ಹೀಗೆಯೇ. ಶಮರೆಲ್‌ನಲ್ಲಿ ಜ್ವಾಲಾಮುಖಿಯ ಕಪ್ಪು ಕಲ್ಲು ಕೊಳೆತು, ಕಬ್ಬಿಣದ ಅಂಶದಿಂದ ಕೆಂಪು ಮತ್ತು ಕಂದು, ಅಲ್ಯುಮಿನಿಯಮ್ ಹೆಚ್ಚಿರುವ ಕಡೆ ನೀಲಿ, ನೇರಳೆ ಛಾಯೆ ಬಂದಿದೆ. ಪೋಷಕಾಂಶವೆಲ್ಲ ತೊಳೆದುಹೋದ ಮಣ್ಣಾದ್ದರಿಂದ ಅಲ್ಲಿ ಗಿಡ ಬೇರೂರುವುದು ಕಷ್ಟ.

ಈ ಮಣ್ಣನ್ನು ಕಲಸಿ ಇಟ್ಟರೆ ತಾನಾಗಿಯೇ ಏಳು ಬಣ್ಣಕ್ಕೆ ಬೇರೆಯಾಗುತ್ತದೆ ಎಂದು ಗಾಜಿನ ಕೊಳವೆ ತೋರಿಸಿ ಹೇಳುವುದುಂಟು. ಬೇರೆ ಬೇರೆ ಗಾತ್ರ ಮತ್ತು ತೂಕದ ಕಣಗಳನ್ನು ಅಲುಗಾಡಿಸಿದರೆ ಅಥವಾ ನೀರಿನಲ್ಲಿ ಕದಡಿದರೆ ಅವು ಬೇರೆ ಬೇರೆ ಮಟ್ಟದಲ್ಲಿ ಕೂರುತ್ತವೆ. ಮೊರದಲ್ಲಿ ಅಕ್ಕಿ ಕೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಷ್ಟಕ್ಕೆ ಪವಾಡ ಬೇಕಾಗಿಲ್ಲ. ಇನ್ನೊಂದು ಮಾತು: ಇಂಟರ್‌ನೆಟ್ ಚಿತ್ರಗಳಲ್ಲಿರುವ ಹೋಳಿಯ ರಂಗು ಅಲ್ಲಿ ಇರುವುದಿಲ್ಲ. ಕೆಂಪು, ಕಂದು ಹೆಚ್ಚು. ನೇರಳೆ ಹುಡುಕಿದರೆ ಸಿಗುತ್ತದೆ. ಬೆರಳು ಮಡಚಿ ಏಳು ಎಣಿಸಲು ಹೋದರೆ ಮನೆಯವರ ನಡುವೆ ಜಗಳವಾಗಬಹುದು. ದಿಬ್ಬಗಳ ಸುತ್ತ ಬೇಲಿ ಇದೆ, ಇಳಿಯುವಂತಿಲ್ಲ. ಹತ್ತಿರದಲ್ಲೇ ಸುಮಾರು 100 ಮೀಟರ್ ಎತ್ತರದ ಶಮರೆಲ್ ಜಲಪಾತ. ಇದು ಮಾತ್ರ ಅಪ್ಪಟ ಜಲಪಾತ, ನೀರು ನಿಜವಾಗಿಯೂ ಬೀಳುತ್ತದೆ!

ಹಣ ಕೊಡುವ ಮುಂಚೆ ಏನು ಕೇಳಬೇಕು?

ಪಟ್ಟಿಯಲ್ಲಿ 'ಅಂಡರ್‌ವಾಟರ್ ವಾಟರ್‌ಫಾಲ್' ಎಂದು ಬರೆದಿದ್ದರೆ "ಎಲ್ಲಿಂದ ತೋರಿಸುತ್ತೀರಿ?" ಎಂದು ನೇರವಾಗಿ ಕೇಳಿ. ಆ ಆಕಾರ ಸರಿಯಾಗಿ ಕಾಣುವುದು ಆಕಾಶದಿಂದ. ಬೀಚ್‌ನಿಂದ ಕಾಣುವುದಿಲ್ಲ, ದೋಣಿಯಿಂದಲೂ ಇಲ್ಲ, ಯಾಕೆಂದರೆ ಕಣ್ಣು ನೀರಿನ ಮಟ್ಟದಲ್ಲೇ ಇದ್ದರೆ ತಳಕ್ಕಿಂತ ಹೆಚ್ಚಾಗಿ ಆಕಾಶದ ಪ್ರತಿಬಿಂಬ ಕಾಣುತ್ತದೆ. ಹೆಲಿಕಾಪ್ಟರ್ ಸವಾರಿ ಬೇರೆಯೇ ಟಿಕೆಟ್, ಬೇರೆಯೇ ಖರ್ಚು. ಅದನ್ನು ತೆಗೆದುಕೊಳ್ಳಬೇಡಿ ಎಂದು ನಾವು ಹೇಳುತ್ತಿಲ್ಲ. ಭ್ರಮೆ ಎಂದು ಗೊತ್ತಿದ್ದೂ ಅದು ಸುಂದರವೇ. ತೆಗೆದುಕೊಳ್ಳುವುದಾದರೆ ಮೋಡವಿಲ್ಲದ ದಿನ, ಸೂರ್ಯ ಮೇಲಿರುವ ಹೊತ್ತು ಆರಿಸಿ. ಬೆಳಕು ತಳದವರೆಗೆ ಇಳಿದಷ್ಟೂ ಬಣ್ಣ ಚೆನ್ನ. ಸ್ಕೂಬಾ ಡೈವಿಂಗ್ ಮಾಡಿದ ದಿನವೇ ಹೆಲಿಕಾಪ್ಟರ್ ಹತ್ತುವ ಯೋಜನೆ ಮಾತ್ರ ಬೇಡ. ಆಳದಲ್ಲಿ ರಕ್ತದಲ್ಲಿ ಕರಗಿದ ಸಾರಜನಕ, ಎತ್ತರದಲ್ಲಿ ಒತ್ತಡ ಇಳಿದಾಗ ಗುಳ್ಳೆಯಾಗಿ ತೊಂದರೆ ಕೊಡಬಹುದು. ಒಂದು ದಿನ ಅಂತರವಿಟ್ಟು, ಡೈವಿಂಗ್ ಕಲಿಸಿದವರನ್ನು ಕೇಳಿಯೇ ಹತ್ತಿ.

ಕಾರಿನ ವಿಷಯದಲ್ಲಿ ಎಷ್ಟು ಗಂಟೆ, ಶಮರೆಲ್ ಪ್ರವೇಶ ಶುಲ್ಕ ಸೇರಿದೆಯೇ, ಊಟ ಯಾರದು ಎಂಬುದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಅಂಗಡಿಗಳಿಗೆ ಕರೆದೊಯ್ಯುವುದು ಬೇಡವಾದರೆ ಮೊದಲೇ ಹೇಳಿ. ಖಾಸಗಿ ಟೂರ್‌ಗೆ ಹೆಚ್ಚು ದುಡ್ಡು ಕೊಡುವುದೇ ನಮಗೆ ಬೇಕಾದ ಕಡೆ ಬೇಕಾದಷ್ಟು ಹೊತ್ತು ನಿಲ್ಲುವುದಕ್ಕಲ್ಲವೇ?

ಆ ಹೊತ್ತನ್ನು ಲೆ ಮಾರ್ನ್‌ನಲ್ಲಿ ಇಟ್ಟುಕೊಳ್ಳಿ ಎಂಬುದು ನಮ್ಮ ಸಲಹೆ. ವಿಡಿಯೋದಲ್ಲಿ ಎಲ್ಲರೂ ನೀರನ್ನೇ ನೋಡುತ್ತಾರೆ, ಹಿಂದಿನ ಬೆಟ್ಟವನ್ನು ಯಾರೂ ಗಮನಿಸುವುದಿಲ್ಲ. ಅದರ ಎತ್ತರ 556 ಮೀಟರ್. 18ನೇ ಶತಮಾನದಲ್ಲಿ, 19ನೇ ಶತಮಾನದ ಆರಂಭದಲ್ಲಿ ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಈ ಬೆಟ್ಟದ ಗುಹೆಗಳಲ್ಲಿ, ತುದಿಯಲ್ಲಿ ಅಡಗಿ ಬದುಕಿದ್ದರು. 1835ರ ಫೆಬ್ರವರಿ 1ರಂದು ಅಲ್ಲಿ ಗುಲಾಮಗಿರಿ ರದ್ದಾಯಿತು. ಆ ಸುದ್ದಿ ಹೇಳಲು ಬಂದ ಪೊಲೀಸರನ್ನು ನೋಡಿ, ಹಿಡಿಯಲು ಬಂದರೆಂದು ತಿಳಿದು ಹಲವರು ಮೇಲಿನಿಂದ ಹಾರಿದರು ಎಂದು ದ್ವೀಪದ ಜನ ಹೇಳುತ್ತಾರೆ. ಇದು ದಾಖಲೆಯ ಮಾತಲ್ಲ, ಬಾಯಿಂದ ಬಾಯಿಗೆ ಬಂದದ್ದು. ಗುಲಾಮರು ಇಲ್ಲಿ ಅಡಗಿದ್ದಕ್ಕೆ ಮಾತ್ರ ಆಧಾರಗಳಿವೆ. 2008ರಲ್ಲಿ ಯುನೆಸ್ಕೊ ಲೆ ಮಾರ್ನ್ ಅನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಲಾಮರ ಜಾಗಕ್ಕೆ ಕೂಲಿಗಳಾಗಿ ಬಂದವರೇ ನಮ್ಮ ದೇಶದವರು. ಅವರು ಹಡಗಿನಿಂದ ಇಳಿದ ಆಪ್ರವಾಸಿ ಘಾಟ್ ಪೋರ್ಟ್ ಲೂಯಿಸ್‌ನಲ್ಲಿದೆ. ಅದೂ 2006ರಿಂದ ಅದೇ ಪಟ್ಟಿಯಲ್ಲಿದೆ.

ಬೆಟ್ಟದ ಬುಡದಲ್ಲಿ, ಬೀಚ್‌ನ ಬಳಿಯೇ ಗುಲಾಮರ ನೆನಪಿಗೆ ಕೆತ್ತಿದ ಕಲ್ಲುಗಳ ಒಂದು ಅಂಗಳವಿದೆ. ಕಾರು ಹೇಗೂ ಅಲ್ಲಿಗೆ ಹೋಗುತ್ತದೆ. ಗೈಡ್‌ಗೆ ಅರ್ಧ ಗಂಟೆ ನಿಲ್ಲಿಸಲು ಹೇಳಿ.